ಪಾಳಿ ಬದಲಾಗುವ ಅರ್ಧಗಂಟೆ

ಹೆಬ್ಬಾಳದ ಆ ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಯಾ ಕನೀಜ್ ಬುರ್ಖಾ ಕಳಚಿ, ನೀಲಿ ಕೋಟು ತೊಟ್ಟು, ರಾತ್ರಿ ಪಾಳಿಯ ನೀಲಕ್ಕನ ಬೆನ್ನಿಗೇ ಮಂಚದಿಂದ ಮಂಚಕ್ಕೆ ನಡೆಯುತ್ತಿದ್ದಾರೆ. ಅವರ ಪಾಳಿ ಶುರುವಾಗುವುದು ಆರಕ್ಕೆ. ಅದಕ್ಕೂ ಮುಂಚಿನ ಈ ಅರ್ಧಗಂಟೆಗೆ ಸಂಬಳವಿಲ್ಲ, ಹಾಜರಿಯಿಲ್ಲ. ನಾಳೆಯಿಂದ ಅನುಮತಿಯೂ ಇಲ್ಲ.

"ಈ ಅಜ್ಜಿ ರಾತ್ರಿಯೆಲ್ಲಾ ತೊಟ್ಟು ನೀರು ಮುಟ್ಟಿಲ್ಲ ಕನೀಜಕ್ಕ. ನಾವು ಕೊಟ್ರೆ ಉಗೀತಾರೆ, ಸೊಸೆ ಕೊಟ್ರೆ ಕುಡೀತಾರೆ. ಸೊಸೆ ಬರೋವರೆಗೂ ಬಲವಂತ ಮಾಡ್ಬೇಡಿ," ಅನ್ನುತ್ತಾರೆ ನೀಲಕ್ಕ. ಇದು ಯಾವ ಕಡತದಲ್ಲೂ ಇರುವುದಿಲ್ಲ. ಮುಂದಿನ ಮಂಚದಲ್ಲಿ ಪಾರ್ಶ್ವವಾಯು ಬಡಿದ ಮುದುಕರು. ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಯಲಹಂಕದ ವನಿತಾ ದೂರವೇ ನಿಂತಿದ್ದಾರೆ.

"ಅಲ್ಲಿಂದ ನೋಡಿದ್ರೆ ಬರಲ್ಲ. ಬಾ, ನನ್ ಕೈ ಮೇಲೆ ನಿನ್ ಕೈ ಇಡು," ಅಂತ ಕನೀಜ್ ಕರೆಯುತ್ತಾರೆ. ನಾಲ್ಕು ಕೈಗಳು ಮುದುಕರ ಭುಜದಡಿ ಸರಿದು, ಅವರನ್ನು ಮೆಲ್ಲಗೆ ಹೊರಳಿಸುತ್ತವೆ.

ಗಂಗಾನಗರದ ಒಂದೇ ಕೋಣೆಯ ಮನೆ ಕನೀಜ್ ಅವರದು. ಟೈಲರ್ ಆಗಿದ್ದ ಗಂಡ ತಾಜುದ್ದೀನ್ ಅವರ ಕಣ್ಣು ಮಂಜಾದ ಮೇಲೆ ಒಲೆ ಉರಿಯುವುದು ಇವರ ದುಡಿಮೆಯಿಂದಲೇ. ಮೂವತ್ತು ಮಂಚಕ್ಕೆ ಇಬ್ಬರು ಆಯಾಗಳು. ರೋಗಿಗಳನ್ನು ಎತ್ತಿ ಎತ್ತಿ ಕನೀಜ್ ಅವರ ಸೊಂಟ ಬಿದ್ದುಹೋಗಿದೆ. ಕೆಲಸ ಕಲಿತದ್ದೂ ಹೀಗೇ, ಹಿಂದೆ ಇಲ್ಲಿದ್ದ ನೂರ್‌ಜಹಾನ್ ಎಂಬ ಹಿರಿಯ ಆಯಾ ಕೈ ಹಿಡಿದು ತೋರಿಸಿದ್ದರಿಂದ.

ಆಗ ಎರಡು ಪಾಳಿಯವರೂ ಅರ್ಧಗಂಟೆ ಜೊತೆಗಿರುತ್ತಿದ್ದರು. ಹೋದ ವರ್ಷ, 2016ರಲ್ಲಿ, ಗುತ್ತಿಗೆ ಏಜೆನ್ಸಿ ಅದನ್ನು ಕತ್ತರಿಸಿತು. ಹೆಂಗಸರು ನಿಂತು ಹರಟೆ ಹೊಡೆಯುತ್ತಾರಂತೆ. ಹರಟೆಯಂತೆ, ಪಾಪ. ಬದಲಿಗೆ ಬಂದದ್ದು ಮೊಬೈಲಿನ ವಿಡಿಯೋ: ನೋಡಿ ಹೆಬ್ಬೆಟ್ಟು ಒತ್ತಿದರೆ ತರಬೇತಿ ಮುಗಿಯಿತು.

"ವಿಡಿಯೋ ಚೆನ್ನಾಗೇ ಇದೆ. ಆದ್ರೆ ಅದ್ರಲ್ಲಿ ಮಲಗಿರೋನು ನಗ್ತಾ ಇರ್ತಾನೆ. ನಮ್ಮೋರು ಎಲ್ಲಿ ನಗ್ತಾರೆ ಹೇಳಿ," ಅನ್ನುತ್ತಾರೆ ಕನೀಜ್.

ಆಮೇಲೆ ರಾಣಿಯ ಕತೆಯಾಯಿತು. ಕೆಲಸಕ್ಕೆ ಹೊಸಬಳು. ರೋಗಿಯೊಬ್ಬರ ಎಡಗೈಯಲ್ಲಿ ಸ್ವಾಧೀನವಿಲ್ಲ ಅನ್ನುವುದು ರಾತ್ರಿಯವರಿಗೆ ಗೊತ್ತಿತ್ತು, ಅವರು ಹೊರಟುಹೋಗಿದ್ದರು. ಕೂರಿಸಲೆಂದು ರಾಣಿ ಅದೇ ಕೈ ಹಿಡಿದು ಎಳೆದಳು. ಭುಜದ ಕೀಲು ತಪ್ಪಿತು. ಆ ಮನುಷ್ಯನಿಗೆ ಕೂಗಲೂ ಬಾಯಿ ಬರುತ್ತಿರಲಿಲ್ಲ, ಬರೀ ಕಣ್ಣೀರು. ಸಂಜೆಯೊಳಗೆ ಕೆಲಸ ಹೋಗಿ ರಾಣಿ ಮನೆಗೆ. ವಿಡಿಯೋ ನೋಡಿದ್ದಾಳೆ ಅನ್ನುವುದಕ್ಕೆ ಅವಳ ಹೆಬ್ಬೆಟ್ಟೇ ಸಾಕ್ಷಿಯಾಯಿತು.

"ಅವಳು ಕಟುಕಿ ಅಲ್ಲ, ಸಾರ್. ಅವಳಿಗೆ ಯಾರೂ ಹೇಳಿರ್ಲಿಲ್ಲ," ಅನ್ನುತ್ತಾರೆ ಕನೀಜ್. ಮರುದಿನದಿಂದಲೇ ಅವರು ಬೇಗ ಬರತೊಡಗಿದರು. ಕಾವಲುಗಾರ ಬೈರಣ್ಣ ಹಿಂಬಾಗಿಲು ತೆಗೆದುಕೊಟ್ಟರು. ಮೊನ್ನೆ ಅದು ಕ್ಯಾಮೆರಾ ಕಣ್ಣಿಗೆ ಬಿತ್ತು. ನಿನ್ನೆ ಏಜೆನ್ಸಿಯ ಮ್ಯಾನೇಜರ್ ಮಹೇಂದ್ರ ಕರೆಸಿಕೊಂಡರು.

"ನಿಮ್ ಮೇಲೆ ಗೌರವ ಇದೆ ಕಣಮ್ಮ. ಆದ್ರೆ ಡ್ಯೂಟಿ ಇಲ್ದೋರು ವಾರ್ಡಲ್ಲಿದ್ದಾಗ ಏನಾದ್ರೂ ಆದ್ರೆ ನನ್ ತಲೆಗೆ ಬರುತ್ತೆ. ನಾಳೆ ಒಂದಿನ ಬಂದು ಹೊಸಬರಿಗೆ ತೋರ್ಸಿ ಮುಗಿಸ್ಬಿಡಿ. ಆಮೇಲೂ ಬಂದ್ರೆ ನಿಮ್ ಕೆಲ್ಸಾನೂ ಇಲ್ಲ, ಬೈರಣ್ಣಂದೂ ಇಲ್ಲ."

ಆ ಒಂದು ದಿನ ಇವತ್ತು. "ನಂದು ಹೋಗಿದ್ರೆ ನನ್ ಹಣೆಬರಹ ಅಂದ್ಕೋತಿದ್ದೆ. ಬೈರಣ್ಣನ ಮಕ್ಕಳು ಏನ್ ಮಾಡಿದ್ವು? ನಾಳೆಯಿಂದ ಆರಕ್ಕೇ ಬರ್ತೀನಿ," ಅನ್ನುತ್ತಾರೆ ಅವರು. ಸೋತ ದನಿ.

ಆರಾಗುತ್ತದೆ. ನೀಲಕ್ಕ ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕನೀಜ್ ಮುದುಕರ ಹೊದಿಕೆ ಸರಿಪಡಿಸುತ್ತಲೇ ಹೇಳುತ್ತಾರೆ.

"ಸನ್ಮಾನ ಗಿನ್ಮಾನ ಏನೂ ಬೇಡ. ನಾನೂ ಒಂದಿನ ಹಾಸಿಗೆ ಹಿಡೀತೀನಲ್ಲ. ಆವತ್ತು ನನ್ನ ಹೊರಳಿಸೋಕೆ ಬರೋಳಿಗೆ ಯಾರಾದ್ರೂ ಹೇಳ್ಕೊಟ್ಟಿರ್ಲಿ, ಅಷ್ಟು ಸಾಕು."