ಹ್ಯಾಸ್ಕೆಲ್‌ನ ದಾರಿಯ ಹಿಮ

ಲೊರೆಟಾ ಬರ್ಡಿಕ್‌ಗೆ ಇದ್ದದ್ದು ಅರವತ್ತೆಂಟು ವರ್ಷ, ನಲವತ್ತು ಕುರಿ, ಒಂದು ಹಳೆಯ ಟ್ರ್ಯಾಕ್ಟರು ಮತ್ತು ಯಾರನ್ನೂ ಮೆಚ್ಚದ ನಾಲಿಗೆ. ಗಂಡ ವರ್ನನ್ ಸತ್ತಾಗ ಪಾದ್ರಿ ಬಂದು, ಕುರಿಗಳನ್ನು ಮಾರಿ ಪೇಟೆಗೆ ಬಂದುಬಿಡಿ ಎಂದಿದ್ದರು. ಪಾದ್ರಿಯ ಕಾಲಲ್ಲಿದ್ದ ತೆಳು ಬೂಟು ನೋಡಿ, ಇಂಥವನ ಮಾತು ಕೇಳುವುದುಂಟೇ ಎಂದುಕೊಂಡು ಆಕೆ ಕೊಟ್ಟಿಗೆಗೆ ಹೋದಳು. ಟಗ್ ಹಿಲ್ ಗುಡ್ಡದಲ್ಲಿ ಹಿಮ ಬಿದ್ದರೆ ಕಿಟಕಿ ಮುಚ್ಚುತ್ತದೆ. ಅಲ್ಲಿ ಮನುಷ್ಯನನ್ನು ಅಳೆಯಬೇಕಾದ್ದು ಬೂಟಿನಿಂದಲೇ ಎಂಬುದು ಆಕೆಯ ನಂಬಿಕೆ.

ಮೂರು ವರ್ಷದ ಹಿಂದೆ ಟ್ರೆವರ್ ಹ್ಯಾಸ್ಕೆಲ್ ಎಂಬವನು ನ್ಯೂಯಾರ್ಕ್ ನಗರದಿಂದ ಹೆಂಡತಿಯ ಜೊತೆ ಬಂದು ಲೊರೆಟಾಳ ಮನೆಯ ಹಿಂದಿದ್ದ ಮನೆ ಕೊಂಡ. ಡಾಂಬರು ರಸ್ತೆಯಿಂದ ಅವನ ಮನೆಗೆ ಅರ್ಧ ಮೈಲಿಯ ಸ್ವಂತ ದಾರಿ, ಲೊರೆಟಾಳ ಬೇಲಿಗೆ ಅಂಟಿಕೊಂಡೇ ಹೋಗುತ್ತಿತ್ತು. ಕರುವಿನೆತ್ತರದ ಮೂರು ನಾಯಿಗಳನ್ನು ಅವನು ತಂದಿದ್ದ. ಅವಕ್ಕೆ ಬಿಸ್ಕೆಟ್, ಮಫಿನ್, ಜೆಲ್ಲಿ ಎಂದು ಹೆಸರು. ಹಲ್ಲು ನೋಡದೆ ಹೆಸರಿಟ್ಟಿದ್ದಾನೆ ಎಂದು ಲೊರೆಟಾ ಮೂಗು ಮುರಿದಳು. ನಾಯಿಗಳು ಸ್ವತಂತ್ರವಾಗಿ ಓಡಾಡಲಿ ಎಂದೇ ಹಳ್ಳಿಗೆ ಬಂದೆವು ಎಂದು ಅವನು ಕಂಡಕಂಡವರಿಗೆ ಹೇಳುತ್ತಿದ್ದ. ಅವು ಓಡಾಡಿದವು. ಅಂಚೆಯವಳು ಗಾಡಿಯಿಂದ ಇಳಿಯುವುದನ್ನೇ ಬಿಟ್ಟಳು. ಕಟ್ಟಿಹಾಕಪ್ಪ ಎಂದು ಲೊರೆಟಾ ಮೂರು ಸಲ ಹೇಳಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಹೋದ ಮಾರ್ಚಿನಲ್ಲಿ ಮೂರೂ ನಾಯಿಗಳು ಬೇಲಿ ಹಾರಿ ಬಂದು, ಗಬ್ಬದ ಕುರಿಗಳನ್ನು ಅಂಗಳದ ತುಂಬ ಅಟ್ಟಾಡಿಸಿದವು. ಒಂದನ್ನೂ ಕಚ್ಚಲಿಲ್ಲ. ಕಚ್ಚಬೇಕಾಗಿಯೂ ಇರಲಿಲ್ಲ, ಬೆದರಿ ಓಡಿದ್ದಕ್ಕೇ ವಾರದೊಳಗೆ ಹತ್ತು ಕುರಿಗಳು ದಿನ ತುಂಬದ ಸತ್ತ ಮರಿ ಹಾಕಿದವು. ಹ್ಯಾಸ್ಕೆಲ್ ಬೇಲಿಯಾಚೆ ನಿಂತು, “ಆಟ ಆಡಿದ್ವು ಅಷ್ಟೆ, ಮಿಸೆಸ್ ಬರ್ಡಿಕ್. ತುಂಬಾ ಸಾಧು ಅವು,” ಎಂದ. ಪೊಲೀಸು ಅಧಿಕಾರಿ ಷರೀಫನ ಕಡೆಯವನು ಬಂದು, ಕುರಿ ಅಟ್ಟುವ ನಾಯಿಗೆ ಗುಂಡು ಹೊಡೆಯಲು ಕಾನೂನಿನ ಅಡ್ಡಿಯಿಲ್ಲ ಎಂದು ಹೇಳಿಹೋದ. ಬಂದೂಕು ಬಾಗಿಲ ಹಿಂದೆಯೇ ಇತ್ತು.

“ನಾಯಿ ಪಾಪ ಏನ್ ಮಾಡ್ತು?” ಎಂದಳು ಲೊರೆಟಾ. “ಹೊಡೀಬೇಕಾದೋನ್ನ ಹೊಡಿಯೋಕೆ ಕಾನೂನು ಬಿಡಲ್ವಲ್ಲ.”

ಇಷ್ಟಾದರೂ ಅವನ ದಾರಿಯ ಹಿಮ ಗೋರುತ್ತಿದ್ದವಳು ಆಕೆಯೇ. ಆ ಗುಡ್ಡದಲ್ಲಿ ಟ್ರ್ಯಾಕ್ಟರು ಇದ್ದವರು ಇಲ್ಲದವರ ದಾರಿಯನ್ನೂ ಗೋರುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ. ಒಬ್ಬರು ಹಿಡಿದ ದಾರಿಗೆ ಇನ್ನೊಬ್ಬರು ಕೈ ಹಾಕುವುದೂ ಇಲ್ಲ. ಹ್ಯಾಸ್ಕೆಲ್ ಹಾಸಿಗೆ ಬಿಟ್ಟೇಳುವಷ್ಟರಲ್ಲಿ ಆಕೆ ಗೋರಿ ಮುಗಿಸಿ ಹೋಗಿರುತ್ತಿದ್ದಳು. ಇದೆಲ್ಲ ಕೌಂಟಿಯ, ಅಂದರೆ ಜಿಲ್ಲಾಡಳಿತದವರ, ಕೆಲಸವೆಂದೇ ಅವನು ತಿಳಿದಿದ್ದ. ಚರ್ಚಿನ ಊಟದಲ್ಲಿ ಕೌಂಟಿಯನ್ನು ಬಾಯ್ತುಂಬ ಹೊಗಳಿದ್ದನಂತೆ. ಮೂರು ಚಳಿಗಾಲ ಕಳೆದರೂ ತನ್ನ ದಾರಿ ಯಾರು ಗೋರುತ್ತಾರೆಂದು ಕಿಟಕಿ ತೆರೆದು ನೋಡದವನಿಗೆ ಏನು ಹೇಳುವುದು ಎಂದು ಆಕೆ ಸುಮ್ಮನಿದ್ದಳು.

ಈ ವರ್ಷ ಕುರಿಗಳು ಮರಿ ಹಾಕಲು ಹತ್ತು ದಿನವಿದೆ ಎನ್ನುವಾಗ, ಗೋರುತ್ತ ಹೋದ ಲೊರೆಟಾ ತಟ್ಟನೆ ಟ್ರ್ಯಾಕ್ಟರು ನಿಲ್ಲಿಸಿದಳು. ನಿನ್ನೆಯ ಚಕ್ರದ ಗುರುತಿನ ಮೇಲೆಯೇ ನಾಯಿಗಳ ಹೆಜ್ಜೆಗಳಿದ್ದವು. ಹ್ಯಾಸ್ಕೆಲ್‌ನ ಬಾಗಿಲಿಂದ ನೇರ ಅವಳ ಬೇಲಿಗೆ. ಅಕ್ಕಪಕ್ಕದ ಎದೆಮಟ್ಟದ ಹಿಮದಲ್ಲಿ ಒಂದು ಪಂಜದ ಗುರುತೂ ಇರಲಿಲ್ಲ. ಹೋದ ಮಾರ್ಚಿನಲ್ಲೂ ಅವು ಬಂದದ್ದು ತಾನೇ ಗೋರಿಕೊಟ್ಟ ಇದೇ ದಾರಿಯಲ್ಲಿ. ಅಷ್ಟು ವರ್ಷ ಊರವರನ್ನೆಲ್ಲ ಹಳಿದ ಲೊರೆಟಾ ಅಂದು ತನ್ನನ್ನೇ ಹಳಿದುಕೊಂಡಳು. ನಿನ್ನಂಥ ಪೆದ್ದಿ ಈ ಗುಡ್ಡದಲ್ಲಿ ಇನ್ನೊಬ್ಬಳಿಲ್ಲ ಕಣೇ ಎಂದು ಜೋರಾಗಿಯೇ ಬೈದುಕೊಂಡಳು.

ಮರುದಿನ ನಾಲ್ಕು ಅಡಿ ಹಿಮ ಬಿತ್ತು. ಆಕೆ ತನ್ನ ಅಂಗಳ ಗೋರಿ, ಮನೆಗೆ ಹೋಗಿ ಕಾಫಿ ಕುಡಿದಳು.

ಹ್ಯಾಸ್ಕೆಲ್ ಕೌಂಟಿಗೆ ಫೋನು ಮಾಡಿ ರೇಗಾಡಿದ. ಸ್ವಂತ ದಾರಿಗಳನ್ನು ನಾವು ಯಾವತ್ತೂ ಗೋರಿದವರಲ್ಲ ಎಂದರು. ಗುಡ್ಡದ ಕೆಳಗೆ ಟ್ರ್ಯಾಕ್ಟರು ಇಟ್ಟುಕೊಂಡಿದ್ದ ಡೇಲ್ ಮೋಸರ್‌ಗೂ ಫೋನು ಹೋಯಿತು. ಅದು ಲೊರೆಟಾಳ ದಾರಿ, ನಾನು ಮುಟ್ಟುವುದಿಲ್ಲ ಎಂದ ಅವನು. ಸಂಜೆಯೊಳಗೆ ಊರೆಲ್ಲ ನಕ್ಕಿತು.

ಹನ್ನೆರಡನೆಯ ದಿನ ಹ್ಯಾಸ್ಕೆಲ್ ಸೊಂಟದವರೆಗೂ ಒದ್ದೆಯಾಗಿ, ನಡೆದುಕೊಂಡೇ ಬಂದ. ಆಕೆ ಮೊದಲು ಬೂಟು ನೋಡಿದಳು. ಪಾದ್ರಿಯದೇ ವಾಸಿ.

“ಇಷ್ಟು ದಿನ ನೀವೇ ಗೋರ್ತಿದ್ರಂತೆ. ನಂಗೆ ಗೊತ್ತೇ ಇರ್ಲಿಲ್ಲ.”

“ಗೊತ್ತಾಗ್ಲಿ ಅಂತ ಗೋರ್ತಿರ್ಲಿಲ್ಲ.”

ಹೊರಗೆ ಬಿಟ್ಟರೆ ನಾಯಿಗಳು ಹಿಮದಲ್ಲಿ ಹೂತುಹೋಗುತ್ತವೆ, ಒಳಗಿಟ್ಟರೆ ಮನೆ ಉಳಿಯುತ್ತಿಲ್ಲ ಎಂದು ಅವನು ಹೇಳಿಕೊಂಡ. ಸೋಫಾ ತಿಂದಿದ್ದವು. ಮಫಿನ್ ಅವನ ಹೆಂಡತಿಯ ಕೈಗೆ ಬಾಯಿ ಹಾಕಿತ್ತು.

“ಆಟ ಆಡಿರ್ತದೆ ಬಿಡು,” ಎಂದಳು ಲೊರೆಟಾ.

ಅವನು ತಲೆ ತಗ್ಗಿಸಿದ. ತಂತಿ ಬಲೆಯ ನಾಯಿಗೂಡು ಕಟ್ಟಿಸುತ್ತೇನೆ, ಇನ್ನು ನಾಯಿಗಳನ್ನು ಬಿಡುವುದಿಲ್ಲ ಎಂದ. ದಾರಿ ಯಾವಾಗ ಗೋರುತ್ತೀರಿ ಎಂದು ಕೇಳಿದ.

“ಗೂಡು ಎದ್ದು, ನನ್ನ ಕೊನೇ ಕುರಿ ಮರಿ ಹಾಕಿದ್ಮೇಲೆ. ಅಲ್ಲಿವರೆಗೂ ಕಾಲಿದೆಯಲ್ಲ, ನಡಿ.”

ಅಷ್ಟರಲ್ಲಿ ಕೊಟ್ಟಿಗೆಯಿಂದ ಒಂದು ಕುರಿ ನರಳಿತು. ಲೊರೆಟಾ ಓಡಿದಳು. ಅವನೂ ಹಿಂದೆಯೇ ಬಂದ. ಯಾರೂ ಕರೆದಿರಲಿಲ್ಲ. ಮೊದಲ ಸಲ ಗಬ್ಬವಾದ ಕುರಿ, ಮರಿಯ ಒಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತು. ಆಕೆ ಅಂಗಿಯ ತೋಳು ಮಡಚಿ, ಒಳಗೆ ಕೈಯಿಟ್ಟು, ಕಾಲು ಸರಿಮಾಡಿ ಎಳೆದಳು. ಒದ್ದೆ ಮುದ್ದೆಯೊಂದು ಹುಲ್ಲಿನ ಮೇಲೆ ಬಿದ್ದು, ಸೀನಿ, ತಲೆ ಎತ್ತಿತು. ಹಳೆಯ ಟವೆಲೊಂದನ್ನು ಆಕೆ ಹ್ಯಾಸ್ಕೆಲ್‌ನ ಕೈಗೆಸೆದಳು. ಅವನು ಅದನ್ನು ಹಿಡಿದು ನಿಂತೇ ಇದ್ದ. ಕಣ್ಣಲ್ಲಿ ನೀರು ಬಂದಿತ್ತು. ಇಂಥದ್ದನ್ನು ತಾನು ಕಂಡೇ ಇಲ್ಲ, ಎಷ್ಟು ಚೆಂದ, ಎಷ್ಟು ಚೆಂದ ಎನ್ನುತ್ತ ಟವೆಲನ್ನು ಮುಖಕ್ಕೆ ಒತ್ತಿಕೊಂಡ.

ಲೊರೆಟಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೋದ ವರ್ಷ ಹತ್ತು ಸತ್ವಲ್ಲ, ಅವತ್ತು ಅಳ್ಬೇಕಿತ್ತು,” ಎಂದಳು. “ಆ ಬಟ್ಟೆ ಇಲ್ಲಿ ಕೊಡು. ಮರಿ ಒರೆಸ್ಬೇಕು.”