ನಾದುವ ರಬ್ಬರ್

ದೊಡ್ಡಬಳ್ಳಾಪುರದಲ್ಲಿ ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದ ಮೇಷ್ಟ್ರ ಬಳಿ ನಾನು ಚಿತ್ರ ಕಲಿತೆ. ಮೆತ್ತನೆಯ ರಬ್ಬರನ್ನು ಅವರು ಚಪಾತಿ ಹಿಟ್ಟಿನಂತೆ ನಾದಿ, ಜೀರಿಗೆಯಷ್ಟು ಚೂಪು ಮಾಡಿ, ಪೆನ್ಸಿಲ್ಲಿನ ಕಪ್ಪಿನ ಮೇಲಿಡುತ್ತಿದ್ದರು. "ಉಜ್ಜಬಾರದು ಕಣಮ್ಮಾ. ಒತ್ತಿ ಎತ್ತು, ಬೆಳಕು ತಾನಾಗೇ ಬರ್ತದೆ," ಎನ್ನುತ್ತಿದ್ದರು.

ಈಚೆಗೆ ಹಾಳೆಗೆ ಮೂಗು ತಾಗುವಷ್ಟು ಬಾಗತೊಡಗಿದ್ದರು. ನನಗೆ ಒಳಗೊಳಗೇ ದಿಗಿಲು.

ಅವತ್ತು ಸೆರಗಿನ ನವಿಲಿನ ಕಣ್ಣಿಗೆ ಹೊಳಪು ತರುತ್ತಿದ್ದರು. ಒಂದು ಚುಕ್ಕಿ ಸಾಕಿತ್ತು. ಅವರು ಒತ್ತುತ್ತಲೇ ಇದ್ದರು. ಕಣ್ಣು ಪೂರ್ತಿ ಅಳಿಸಿಹೋಗಿ ಬರೀ ಬಿಳಿ ಹಾಳೆ ಉಳಿಯಿತು.

"ಬೆಳಕು ಬಂತೇನಮ್ಮಾ?" ಎಂದರು, ತಲೆಯೆತ್ತದೆ.

"ಬಂತು ಮೇಷ್ಟ್ರೇ."

ನನ್ನ ದನಿಯ ಅಳುಕು ಕೇಳಿಸಿರಬೇಕು. ರಬ್ಬರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಲ್ಲಗೆ ಕೇಳಿಕೊಂಡರು: "ನಮ್ಮನೇಲಿ ಹೇಳ್ಬೇಡಮ್ಮಾ."