ಬಿಸ್ಕತ್ತಿನ ಡಬ್ಬಿಯೊಳಗಿನ ಶಾರ್ಟ್

ಜಗಳೂರಿನ ಬಸ್ ನಿಲ್ದಾಣದ ಹಿಂದಿನ ಬೀದಿ, ನಮ್ಮ ಮನೆಯ ಎದುರು ಮನೆ, ಅದರ ನಡುಮನೆಯ ಬಾಗಿಲು. ನಾನು ನಿಂತಿದ್ದದ್ದು ಅಲ್ಲಿ. ಎಡಗಾಲು ಒಳಗಿತ್ತು, ಬಲಗಾಲು ಹೊಸ್ತಿಲಿನ ಹೊರಗೆ. ಎಂಬತ್ತರ ದಶಕದ ಆರಂಭದ ಒಂದು ಶ್ರಾವಣ, ಗುರುವಾರ, ಸಂಜೆ ಆರು ಗಂಟೆ ಐವತ್ತು ನಿಮಿಷ. ಆ ಮನೆಯ ಗಡಿಯಾರ ಎರಡು ನಿಮಿಷ ಮುಂದಿರುತ್ತಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ.

ಮನೆಯ ಯಜಮಾನರು ನಿವೃತ್ತ ಬಸ್ ಡ್ರೈವರ್. ಜಗಳೂರಿಗೂ ಹೊನ್ನಾಳಿಗೂ ನಡುವೆ ಮೂವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲೇ ಕೂತು ಅವರ ಎರಡೂ ಕಿವಿ ಮಂದವಾಗಿದ್ದವು. ಮಗಳು ಕತ್ತಲಗೆರೆ ಕಡೆ ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಶೇಂಗಾ ಬೀಜಕ್ಕೆ ಬಿತ್ತುವ ಮೊದಲು ಔಷಧ ಹಚ್ಚುವ ಬಗ್ಗೆ ಅವಳ ಹತ್ತು ನಿಮಿಷದ ಭಾಷಣ ರೇಡಿಯೋದಲ್ಲಿ ಬರುವುದಿತ್ತು. ಹಿಂದಿನ ತಿಂಗಳೇ ಧ್ವನಿಮುದ್ರಣ ಆಗಿತ್ತು. ಬರುವುದು ಒಂದೇ ಸಲ. ಮಗಳ ದನಿಯನ್ನು ಸರಿಯಾಗಿ ಕೇಳಿ ಅವರಿಗೆ ನಾಲ್ಕು ವರ್ಷವಾಗಿತ್ತು.

ರೇಡಿಯೋದ ಗುಂಡಿಯನ್ನು ಪೂರ್ತಿ ತಿರುವಿದರೆ ಬೀದಿಗೆಲ್ಲ ಭಾಷಣ ಕೇಳುತ್ತಿತ್ತು, ಅವರಿಗೆ ಗೊರಗೊರ ಕೇಳುತ್ತಿತ್ತು. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ನ್ಯಾಮತಿಯಲ್ಲಿ ಹುಡುಗನಾಗಿದ್ದಾಗಿನಿಂದಲೂ ಬೆಸುಗೆ ಹಾಕುವ ಚಟ. ಟೆಲಿಫೋನ್ ಆಪರೇಟರುಗಳು ಹಾಕಿಕೊಳ್ಳುವಂಥ ಹಳೆಯ ಹೆಡ್‌ಫೋನ್ ಒಂದು ನನ್ನ ಹತ್ತಿರವಿತ್ತು. ಅದಕ್ಕೊಂದು ಆಂಪ್ಲಿಫೈಯರ್ ಕಟ್ಟಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿದೆ. ಶಾಖ ಹೋಗಲೆಂದು ಮುಚ್ಚಳಕ್ಕೆ ಮೊಳೆಯಿಂದ ಒಂಬತ್ತು ತೂತು ಹೊಡೆದೆ. ಬ್ಯಾಟರಿಯ ನೆಗೆಟಿವ್ ವೈರನ್ನು, ಎಲ್ಲರೂ ಮಾಡುವಂತೆ, ಡಬ್ಬಿಯ ತಗಡಿಗೇ ಬೆಸೆದೆ.

ಬ್ಯಾಟರಿಯನ್ನು ಯಜಮಾನರೇ ತಂದರು. ಬಸ್ಸಿನದು.

"ಇಷ್ಟು ದೊಡ್ಡದು ಬ್ಯಾಡ್ರೀ," ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರೊಂದಿಗೆ ನಮ್ಮ ಮಾತೆಲ್ಲ ಸ್ಲೇಟಿನಲ್ಲೇ.

"ಇದು ಹೊನ್ನಾಳಿ ಚಳೀಲಿ ಸೈತ ಕೈ ಕೊಟ್ಟಿಲ್ಲ ಮೇಷ್ಟ್ರೇ. ಕರೆಂಟ್ ನಂಬಬಾರದು," ಎಂದರು.

ನಮ್ಮ ಮನೆಯ ಮೇಜಿನ ಮೇಲೆ ಡಬ್ಬಿ ಚೆನ್ನಾಗಿ ಕೆಲಸ ಮಾಡಿತು. ಅವರ ಮನೆಯಲ್ಲಿ ಐದು ನಿಮಿಷಕ್ಕೆ ಫ್ಯೂಸ್ ಸುಟ್ಟಿತು. ಮರುದಿನ ತಂದುಕೊಟ್ಟರು. ಮಲ್ಟಿಮೀಟರ್ ಹಿಡಿದು ಒಂದೊಂದೇ ಜೋಡಣೆ ನೋಡಿದೆ. ಶಾರ್ಟ್ ಎಲ್ಲೂ ಇಲ್ಲ. ಫ್ಯೂಸ್ ಬದಲಿಸಿ ಮೂರು ಗಂಟೆ ಹೊತ್ತು ನಾನೇ ಹೆಡ್‌ಫೋನ್ ಹಾಕಿಕೊಂಡು ಕೂತೆ. ಏನೂ ಆಗಲಿಲ್ಲ. ಬೀದಿ ದಾಟಿ ಹೋಯಿತು, ಎರಡೇ ನಿಮಿಷಕ್ಕೆ ಸುಟ್ಟಿತು. ಎರಡು ಟ್ರಾನ್ಸಿಸ್ಟರ್ ಬದಲಿಸಿದೆ. ತಪ್ಪಿಲ್ಲದ ಟ್ರಾನ್ಸಿಸ್ಟರುಗಳು, ಸುಮ್ಮನೆ ಕಿತ್ತೆ. ಮತ್ತೆ ದಾಟಿತು, ಮತ್ತೆ ಸುಟ್ಟಿತು. ನಮ್ಮ ಮನೆಯಿಂದ ಅವರ ಮನೆಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆಯಲ್ಲಿ ಡಬ್ಬಿಗೆ ಏನಾಗುತ್ತದೆಂದು ತಿಳಿಯಲು ಒಮ್ಮೆ ಅದಕ್ಕೆ ಮಲ್ಟಿಮೀಟರ್ ಸಿಕ್ಕಿಸಿ, ನಾನೇ ಹಿಡಿದು, ಅಲುಗಿಸುತ್ತ, ಬೀದಿಯಲ್ಲಿ ಎಂಟು ಸಲ ಅತ್ತಿತ್ತ ನಡೆದೆ. ಜನ ನೋಡಿದರು. ಶಾರ್ಟ್ ಆಗಲಿಲ್ಲ.

"ಯಾರದೋ ಕಣ್ಣು ಬಿದ್ದೈತೆ," ಎಂದರು ಯಜಮಾನರ ಹೆಂಡತಿ. "ಮೇಷ್ಟ್ರು ಬೀದೀಲಿ ಮೆರವಣಿಗೆ ಬ್ಯಾರೆ ಮಾಡಿಸಿದ್ರಲ್ಲ."

ಇನ್ನೊಂದು ಸಂಗತಿ ಹೇಳಬೇಕು. ಒಮ್ಮೆ ಬ್ಯಾಟರಿ ನೋಡಲು ಅವರ ಮನೆಗೆ ಹೋಗಿದ್ದಾಗ ಡಬ್ಬಿ ದೇವರ ಗೂಡಿನ ಕೆಳಗಿತ್ತು. ವಿಭೂತಿ ಹಚ್ಚಿ ಹೂ ಇಟ್ಟಿದ್ದರು. ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು. ನೋಡಿದೆ. ಬಸ್ಸಿನ ಮುಂದೆ, ಅಂಗಡಿಯ ಬಾಗಿಲಲ್ಲಿ ದಿನಾ ಕಾಣುವುದನ್ನು ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ಗುರುವಾರ ಬಂತು. ಹಾಗೆ ಬಾಗಿಲಲ್ಲಿ ನಿಂತೆ.

"ಹೊಸ್ತಿಲ ಮ್ಯಾಲೆ ನಿಲ್ಲಬ್ಯಾಡ್ರಿ ಮೇಷ್ಟ್ರೇ, ಒಂದು ಒಳಗ್ ಬರ್ರಿ ಇಲ್ಲಾ ಹೊರಗ್ ಹೋಗ್ರಿ," ಎಂದರು ಹೆಂಡತಿ. ಕಾಲು ತೆಗೆಯಬೇಕೆನ್ನುವಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು, ಹಾಗೇ ಉಳಿದೆ.

ಡಬ್ಬಿಯ ವೈರಿನ ಪಿನ್ನನ್ನು ಸಿಕ್ಕಿಸಿದರೆ ರೇಡಿಯೋದ ಸ್ಪೀಕರ್ ನಿಂತುಹೋಗುತ್ತಿತ್ತು. ಆದ್ದರಿಂದ ಅಂದು ಭಾಷಣ ಕೇಳುತ್ತಿದ್ದವರು ಯಜಮಾನರೊಬ್ಬರೇ. ನಾವು ಮೂವರು ಮೂಕ ರೇಡಿಯೋದ ಸುತ್ತ ಇದ್ದೆವು. ಅಷ್ಟು ಸಾಲದೆಂದು ಅವರು, ರಜೆ ಹಾಕಿ ಬಂದಿದ್ದ ಮಗಳನ್ನು ಎದುರಿಗೆ ಕೂರಿಸಿಕೊಂಡಿದ್ದರು.

"ನೀನೂ ಅದನ್ನೇ ಹೇಳ್ತಾ ಹೋಗು. ಬಾಯಿ ನೋಡಿದ್ರೆ ಅರ್ಧ ತಿಳೀತೈತೆ."

"ಎದುರಿಗೇ ಕುಂತೀನಲ್ಲಪ್ಪಾ, ಸ್ಲೇಟಲ್ಲೇ ಬರಕೊಡ್ತೀನಿ," ಎಂದಳು ಮಗಳು, ಜೋರಾಗಿ.

"ರೇಡಿಯೋದಾಗೆ ಕೇಳಾದೇ ಬ್ಯಾರೆ."

ಅವಳು ಗಡಿಯಾರ ನೋಡಿಕೊಂಡು ಬಾಯಿಪಾಠ ಒಪ್ಪಿಸತೊಡಗಿದಳು. "ರೈತ ಬಾಂಧವರೇ..." ಯಜಮಾನರ ಮುಖ ಅರಳಿತು. ಹೊಂದಿದೆ ಎಂಬಂತೆ ತಲೆ ಆಡಿಸಿದರು. ಮೂರು ನಿಮಿಷ ಹೀಗೆ ನಡೆಯಿತು. ಆಮೇಲೆ ಅವರು, ಗೇರು ಹಾಕುವ ಮೊದಲು ಬಸ್ಸನ್ನು ತಟ್ಟುವಂತೆ, ಡಬ್ಬಿಯ ಮುಚ್ಚಳವನ್ನು ಪ್ರೀತಿಯಿಂದ ಎರಡು ಸಲ ತಟ್ಟಿದರು.

ಮುಖ ಆರಿಹೋಯಿತು. ಮಗಳ ತುಟಿ ಆಡುತ್ತಲೇ ಇತ್ತು. ಅವರು ಆ ತುಟಿಯನ್ನೇ ನೋಡುತ್ತ, "ಯಾಕೆ ನಿಲ್ಲಿಸಿದೆ? ಹೇಳವ್ವಾ," ಎಂದರು.

ಫ್ಯೂಸ್ ಸುಟ್ಟಿತೆಂದುಕೊಂಡೆ. ಸುಟ್ಟಿರಲಿಲ್ಲ. ನನ್ನ ಫ್ಯೂಸ್ ಹೆಂಗಸರ ಕೂದಲಿನಷ್ಟು ತೆಳ್ಳಗಿದೆಯೆಂದು ಅವರು ಬೆಳಿಗ್ಗೆಯೇ ಅದನ್ನು ಕಿತ್ತು, ಬಸ್ಸಿನ ವೈರಿನ ಎಳೆಗಳನ್ನು ಹೊಸೆದು ಹಾಕಿದ್ದರು. ಬಸ್ಸನ್ನೂ ಅವರು ಹಾಗೇ ಓಡಿಸಿದ್ದು. ಅದಕ್ಕೇ ಅಂದು ಫ್ಯೂಸ್ ಸುಡದೆ, ಶಾರ್ಟ್ ಮಾಡುತ್ತಿದ್ದ ವಸ್ತುವೇ ಸುಡತೊಡಗಿತು. ಮುಚ್ಚಳದ ಮೇಲಿನಿಂದ ಹೊಗೆ ಎದ್ದಿತು. ನಿಂಬೆಹಣ್ಣು ಚುಂಯ್ ಎಂದಿತು. ಏಳು ಹಸಿಮೆಣಸಿನಕಾಯಿಗಳು ಒಂದೊಂದಾಗಿ ಕಪ್ಪಾದವು.

ಅವುಗಳನ್ನು ಪೋಣಿಸಿದ್ದು ದಾರದಲ್ಲಲ್ಲ, ಕಬ್ಬಿಣದ ತಂತಿಯಲ್ಲಿ; ಬಸ್ಸಿಗೆ ಕಟ್ಟುವಂತೆ. ತಂತಿಯ ತುದಿಯನ್ನು ಕೊಕ್ಕೆ ಮಾಡಿ ನನ್ನ ಒಂಬತ್ತು ತೂತುಗಳಲ್ಲಿ ನಡುವಿನದಕ್ಕೆ ಸಿಕ್ಕಿಸಿದ್ದರು. ಸರಿಯಾಗಿ ಅದರ ಕೆಳಗೆ ಪಾಸಿಟಿವ್ ವೈರಿನ ಬೆಸುಗೆ. ತಟ್ಟಿದೊಡನೆ ಕೊಕ್ಕೆ ಇಳಿದು ಅದನ್ನು ಮುಟ್ಟುತ್ತಿತ್ತು, ತೂತಿನ ಅಂಚಿನಲ್ಲಿ ನೆಗೆಟಿವ್ ಬೆಸೆದ ತಗಡನ್ನೂ ಮುಟ್ಟುತ್ತಿತ್ತು.

"ಅಪ್ಪಾ, ತಂತಿ! ತಂತಿ!" ಎಂದು ಮಗಳು ಕೂಗಿದಳು. ಅವರು ಅದನ್ನೂ ಭಾಷಣವೆಂದೇ ತಿಳಿದು, "ಶೇಂಗಾಕ್ಕೆ ತಂತಿ ಯಾಕೆ?" ಎಂದರು. ಘಾಟು ಮೂಗಿಗೇರಿತು. ಮಗಳು ಸೀನಿದಳು, ತಾಯಿ ಸೆರಗು ಮುಚ್ಚಿ ಕೆಮ್ಮಿದರು. ನಾನು ಬಲಗಾಲನ್ನೂ ಒಳಗಿಟ್ಟು, ಅಂಗಿಯ ಚುಂಗಿನಿಂದ ತಂತಿ ಹಿಡಿದು ಎಳೆದೆ. ಎರಡು ಬೆರಳು ಸುಟ್ಟವು. ಮಾಲೆ ಅಂಗಳಕ್ಕೆ ಹೋಗಿ ಬಿತ್ತು.

ಯಜಮಾನರು ಕೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸಿದರು. ದನಿ ಮರಳಿತ್ತು. ಉಳಿದ ಆರು ನಿಮಿಷ ಅವರು ಅಲುಗಾಡದೆ ಕೇಳಿದರು. ಎದುರಿಗೆ ಮಗಳು ಒಂದೇ ಸಮನೆ ಸೀನುತ್ತಿದ್ದಳು. ಅವರ ಕಿವಿಯಲ್ಲಿ ಅವಳೇ ಶೇಂಗಾದ ವಿಷಯ ಹೇಳುತ್ತಿದ್ದಳು. ಅವರು ಅವಳ ಬಾಯನ್ನು ನೋಡುವುದನ್ನು ಬಿಟ್ಟಿದ್ದರು.

ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು. "ಭಾಳ ಗಟ್ಟಿಯಾಗಿ ಮಾತಾಡ್ತೀಯವ್ವ," ಎಂದರು. "ರೇಡಿಯೋದವರ ಮುಂದೆ ಸ್ವಲ್ಪ ಮೆತ್ತಗೆ ಮಾತಾಡಾಕೆ ಕಲೀಬೇಕು."

ನಾನು ಸ್ಲೇಟಿನಲ್ಲಿ ಬರೆದೆ: "ನನ್ನ ಮನೆಗೆ ತರುವಾಗ ಮಾಲೆ ಇರುತ್ತಿರಲಿಲ್ಲವಲ್ಲ?"

"ದೃಷ್ಟಿಗೆ ಕಟ್ಟಿದ್ದನ್ನ ಇನ್ನೊಬ್ರ ಮನೆಗೆ ಹೆಂಗೆ ತರಾಕಾಗ್ತೈತೆ ಮೇಷ್ಟ್ರೇ? ನಿಮ್ಮ ಮನೆಗೆ ಕೇಡಲ್ವಾ? ಬಿಚ್ಚಿಟ್ಟೇ ತರ್ತಿದ್ದೆ," ಎಂದರು. ಪ್ರತಿ ಸಲ ಕೆಟ್ಟಾಗಲೂ ಮೆಣಸಿನಕಾಯಿ ಹೆಚ್ಚಿಸಿ, ತಂತಿ ದಪ್ಪ ಮಾಡಿ, ಹೊಸದು ಕಟ್ಟುತ್ತಿದ್ದರಂತೆ.

ಕೊನೆಯ ತೀರ್ಮಾನ ಅವರ ಹೆಂಡತಿಯದಾಯಿತು. ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ಆಗಿತ್ತೆಂದು ಲೆಕ್ಕ. ಘಾಟು ಬಂದರೆ ಆಗಿರಲಿಲ್ಲವೆಂದು. "ಇಷ್ಟು ಘಾಟು ಬಂತಲ್ಲ," ಎಂದರು ಅವರು, ಮೂಗು ಒರೆಸುತ್ತ. "ಯಾರ ಕಣ್ಣೂ ಬಿದ್ದಿರಲಿಲ್ಲ. ತಪ್ಪೆಲ್ಲ ಮೇಷ್ಟ್ರ ತೂತಿಂದೇ."

ಮರುದಿನ ನಡುವಿನ ತೂತನ್ನು ಬೆಸುಗೆಯಿಂದ ಮುಚ್ಚಿದೆ. ಮಾಲೆಯನ್ನು ದಾರದಲ್ಲಿ ಪೋಣಿಸಲು ಯಜಮಾನರು ಒಪ್ಪಿದರು. ಸಾಯುವವರೆಗೂ ಅವರು ಆ ಡಬ್ಬಿಯಲ್ಲೇ ರೇಡಿಯೋ ಕೇಳಿದರು.

ಇದನ್ನು ಕಣ್ಣಾರೆ ಕಂಡು ಇಂದೂ ಬದುಕಿರುವವರು, ನನ್ನನ್ನು ಬಿಟ್ಟರೆ, ಇಬ್ಬರು. ನಿವೃತ್ತಳಾಗಿ ಚನ್ನಗಿರಿಯಲ್ಲಿರುವ ಮಗಳು ಒಬ್ಬಳು. ಅವಳ ಜೊತೆಯಲ್ಲೇ ಇರುವ, ತೊಂಬತ್ತು ದಾಟಿದ ಅವಳ ತಾಯಿ ಇನ್ನೊಬ್ಬರು.